ಡೈನೋಸಾರ್‌ಗಳ ಪಾಠದಲ್ಲಿ ಹಕ್ಕಿಗಳಿಗೆ ಜಾಗ ಕೊಡಿ: ಪಠ್ಯ ರಚನಾಕಾರರಿಗೂ ವಸ್ತುಸಂಗ್ರಹಾಲಯಗಳ ಮುಖ್ಯಸ್ಥರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಶಾಲೆಯ ವಿಜ್ಞಾನ ಪುಸ್ತಕಗಳನ್ನು ಬರೆಯುವ, ಪರಿಶೀಲಿಸುವ, ಅಂಗೀಕರಿಸುವ ಎಲ್ಲರಿಗೂ, ಪಳೆಯುಳಿಕೆಗಳ ಪ್ರದರ್ಶನವನ್ನು ರೂಪಿಸುವ ಮತ್ತು ಅದರ ಫಲಕಗಳಿಗೆ ವಿವರಣೆ ಬರೆಯುವ ಎಲ್ಲರಿಗೂ ಈ ಪತ್ರ. ಜೀವವಿಜ್ಞಾನ ಬೋಧಿಸುವ ಶಿಕ್ಷಕಿಯಾಗಿ ಇದನ್ನು ಬರೆಯುತ್ತಿದ್ದೇನೆ. ಬರೆಯಲು ಕಾರಣವಾದದ್ದು ಒಂದೇ ಒಂದು ವಾಕ್ಯ. "ಸುಮಾರು 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳು ಭೂಮಿಯಿಂದ ಸಂಪೂರ್ಣವಾಗಿ ಅಳಿದುಹೋದವು" ಎಂಬ ಈ ವಾಕ್ಯವು ಮಕ್ಕಳ ಪುಸ್ತಕಗಳಲ್ಲಿ, ಪ್ರದರ್ಶನದ ಫಲಕಗಳಲ್ಲಿ, ಪರೀಕ್ಷೆಯ ಮಾದರಿ ಉತ್ತರಗಳಲ್ಲಿ ಇಂದಿಗೂ ಉಳಿದುಕೊಂಡಿದೆ. ಇದು ತಪ್ಪು. ಡೈನೋಸಾರ್‌ಗಳ ಒಂದು ಕವಲು ಆ ಮಹಾನಾಶವನ್ನು ದಾಟಿ ಬಂದು, ಇಂದು ಸುಮಾರು 11,000 ಪ್ರಭೇದಗಳಾಗಿ ಹರಡಿಕೊಂಡಿದೆ. ಆ ಕವಲನ್ನೇ ನಾವು ಹಕ್ಕಿಗಳು ಎನ್ನುತ್ತೇವೆ.

ಇದನ್ನು ಹೊಸ ಊಹೆಯೆಂದು ಯಾರೂ ತಳ್ಳಿಹಾಕುವಂತಿಲ್ಲ. ಪಳೆಯುಳಿಕೆಗಳನ್ನು ಅಧ್ಯಯನ ಮಾಡುವವರಲ್ಲಿ ಬಹುಪಾಲು ಎಲ್ಲರೂ ಎರಡೂವರೆ ದಶಕಗಳಿಂದ ಒಪ್ಪಿಕೊಂಡು ಬಂದಿರುವ ತೀರ್ಮಾನವಿದು. ಎರಡು ಕಾಲಿನ ಮೇಲೆ ನಡೆಯುತ್ತಿದ್ದ, ಹೆಚ್ಚಿನವು ಮಾಂಸಾಹಾರಿಗಳಾಗಿದ್ದ ಥೆರೋಪಾಡ್ ಎಂಬ ಡೈನೋಸಾರ್ ಗುಂಪಿನೊಳಗೇ ಹಕ್ಕಿಗಳು ಹುಟ್ಟಿದವು. ವಂಶವೃಕ್ಷವನ್ನು ಸರಿಯಾಗಿ ಬಿಡಿಸಿದರೆ ಅವುಗಳನ್ನು ಆ ಗುಂಪಿನಿಂದ ಹೊರಗಿಡಲು ಬರುವುದಿಲ್ಲ. ಬಾವಲಿಯನ್ನು ಸಸ್ತನಿಯೆಂದು ಕಲಿಸಲು ನಮಗೆ ಯಾವ ಹಿಂಜರಿಕೆಯೂ ಇಲ್ಲದಿರುವಾಗ, ಹಕ್ಕಿಯನ್ನು ಡೈನೋಸಾರ್ ಎಂದು ಕಲಿಸಲು ಏಕೆ ಹಿಂಜರಿಯಬೇಕೆಂಬುದು ನನಗೆ ಅರ್ಥವಾಗುವುದಿಲ್ಲ.

ಹಾಗೆಂದು ವಾಕ್ಯವೊಂದನ್ನು ತಿದ್ದಿಸುವುದಷ್ಟೇ ನನ್ನ ಉದ್ದೇಶವಲ್ಲ. ಹಕ್ಕಿಗಳ ಮೂಲವನ್ನು ಮನುಷ್ಯರು ಕಂಡುಕೊಂಡ ಬಗೆಯು, ವಿಜ್ಞಾನ ಹೇಗೆ ನಡೆಯುತ್ತದೆಂಬುದನ್ನು ತೋರಿಸಲು ನಮ್ಮ ಕೈಯಲ್ಲಿರುವ ಅತ್ಯುತ್ತಮ ಉದಾಹರಣೆಗಳಲ್ಲಿ ಒಂದು. ಅದರಲ್ಲಿ ಸಾಕ್ಷ್ಯವಿದೆ, ತಪ್ಪು ತೀರ್ಮಾನವಿದೆ, ತಪ್ಪು ತಿದ್ದಿಕೊಂಡದ್ದಿದೆ, ಇಂದಿಗೂ ಬಗೆಹರಿಯದ ಪ್ರಶ್ನೆಯಿದೆ. ಇಷ್ಟೆಲ್ಲವನ್ನು ಬಿಟ್ಟು ಅಳಿವಿನ ಒಂದು ಸಾಲನ್ನು ಮಾತ್ರ ಬಾಯಿಪಾಠ ಮಾಡಿಸುವುದರಿಂದ ಮಕ್ಕಳಿಗೆ ದೊಡ್ಡ ನಷ್ಟವಾಗುತ್ತಿದೆ.

1836ರಲ್ಲಿ ಅಮೆರಿಕದ ಎಡ್ವರ್ಡ್ ಹಿಚ್‌ಕಾಕ್ ಅವರು ಕನೆಕ್ಟಿಕಟ್ ನದಿಯ ಕಣಿವೆಯ ಕಲ್ಲುಗಳಲ್ಲಿ ಅಚ್ಚೊತ್ತಿದ್ದ ಮೂರು ಬೆರಳಿನ ಹೆಜ್ಜೆ ಗುರುತುಗಳನ್ನು ವಿವರಿಸಿ, ಅವು ಪುರಾತನ ಕಾಲದ ದೈತ್ಯ ಹಕ್ಕಿಗಳ ಹೆಜ್ಜೆಗಳೆಂದು ಬರೆದರು. ಡೈನೋಸಾರ್ ಎಂಬ ಹೆಸರೇ ಆಗ ಹುಟ್ಟಿರಲಿಲ್ಲ. ರಿಚರ್ಡ್ ಓವೆನ್ ಅದನ್ನು ಬಳಕೆಗೆ ತಂದದ್ದು 1842ರಲ್ಲಿ. ಆ ಹೆಜ್ಜೆಗಳು ಡೈನೋಸಾರ್‌ಗಳವೆಂದು ಮುಂದೆ ತಿಳಿಯಿತು. ಆದರೆ ಕಲ್ಲಿನ ಮೇಲಿನ ಹೆಜ್ಜೆಯನ್ನು ಕಂಡು ಹಕ್ಕಿಯನ್ನು ನೆನೆದ ಆ ಕಣ್ಣು ಹಿಡಿದದ್ದು ನಿಜವಾದ ಹೋಲಿಕೆಯನ್ನೇ ಎಂಬುದನ್ನು ಮರೆಯಬಾರದು.

1861ರಲ್ಲಿ ಜರ್ಮನಿಯ ಬವೇರಿಯಾದ ಸೋಲ್ನ್‌ಹೋಫೆನ್ ಪ್ರದೇಶದ ನಯವಾದ ಸುಣ್ಣಕಲ್ಲಿನಲ್ಲಿ ಸಿಕ್ಕಿದ್ದ ಒಂದು ಒಂಟಿ ಗರಿಯನ್ನು ಹರ್ಮನ್ ಫಾನ್ ಮೇಯರ್ ವಿವರಿಸಿದರು. ಅದೇ ಕಾಲಕ್ಕೆ ಗರಿಗಳ ಅಚ್ಚು ಸಹಿತವಾದ ಅಸ್ಥಿಪಂಜರವೂ ಬೆಳಕಿಗೆ ಬಂತು. ಅದೇ ಆರ್ಕಿಯೋಪ್ಟೆರಿಕ್ಸ್. ಸುಮಾರು 15 ಕೋಟಿ ವರ್ಷಗಳ ಹಿಂದಿನ ಆ ಪ್ರಾಣಿಗೆ ರೆಕ್ಕೆಯ ಗರಿಗಳಿದ್ದವು. ಜೊತೆಗೆ ದವಡೆಯಲ್ಲಿ ಹಲ್ಲು, ಮುಂಗೈಯಲ್ಲಿ ಉಗುರುಳ್ಳ ಮೂರು ಬಿಡಿ ಬೆರಳು, ಹಿಂದೆ ಎಲುಬಿನ ಉದ್ದ ಬಾಲವೂ ಇದ್ದವು. ಡಾರ್ವಿನ್ ತಮ್ಮ ಸಿದ್ಧಾಂತವನ್ನು ಪ್ರಕಟಿಸಿ ಆಗಷ್ಟೇ ಎರಡು ವರ್ಷ ಕಳೆದಿತ್ತು. ಥಾಮಸ್ ಹೆನ್ರಿ ಹಕ್ಸ್‌ಲಿ 1868ರಿಂದ 1870ರವರೆಗೆ ಬರೆದ ಲೇಖನಗಳಲ್ಲಿ ಹಕ್ಕಿಗಳ ಸೊಂಟ ಮತ್ತು ಹಿಂಗಾಲಿನ ಎಲುಬುಗಳನ್ನು ಡೈನೋಸಾರ್‌ಗಳ ಎಲುಬುಗಳ ಪಕ್ಕದಲ್ಲಿಟ್ಟು, ಇವೆರಡರ ನಡುವೆ ಇರುವುದು ರಕ್ತಸಂಬಂಧವೇ ಎಂದು ವಾದಿಸಿದರು. ಬವೇರಿಯಾದ ಅಂಥದೇ ಸುಣ್ಣಕಲ್ಲಿನಿಂದ ಬಂದ ಕಾಂಪ್ಸೋಗ್ನಾಥಸ್ ಎಂಬ ಪುಟ್ಟ ಡೈನೋಸಾರ್ ಅವರ ಮುಖ್ಯ ಸಾಕ್ಷಿಗಳಲ್ಲಿ ಒಂದಾಗಿತ್ತು.

ಇಲ್ಲಿಂದ ಕಥೆ ನೇರವಾಗಿ ಮುಂದೆ ಸಾಗಿದ್ದರೆ ಅದನ್ನು ಪಾಠವಾಗಿಸಿ ಎಂದು ನಾನು ಇಷ್ಟು ಒತ್ತಾಯಿಸುತ್ತಿರಲಿಲ್ಲ. 1926ರಲ್ಲಿ ಡೆನ್ಮಾರ್ಕಿನ ಗೆರ್ಹಾರ್ಡ್ ಹೈಲ್ಮನ್ ಹಕ್ಕಿಗಳ ಮೂಲದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು. ಅತ್ಯಂತ ಎಚ್ಚರದಿಂದ, ಒಂದೊಂದೇ ಎಲುಬನ್ನು ಹೋಲಿಸಿ ನೋಡಿದ ಅವರು ಹಕ್ಕಿಗಳಿಗೆ ಎಲ್ಲರಿಗಿಂತ ಹತ್ತಿರವಿರುವುದು ಥೆರೋಪಾಡ್‌ಗಳೇ ಎಂಬಲ್ಲಿಗೆ ಬಂದು ನಿಂತರು. ಆದರೆ ಒಂದು ತೊಡಕು ಕಾಣಿಸಿತು. ಹಕ್ಕಿಗಳಲ್ಲಿ ಎರಡು ಕೊರಳೆಲುಬುಗಳು ಕೂಡಿಕೊಂಡು ಕವಲಿನಂಥ ಒಂದೇ ಎಲುಬಾಗಿರುತ್ತವೆ. ಥೆರೋಪಾಡ್‌ಗಳಲ್ಲಿ ಕೊರಳೆಲುಬೇ ಇಲ್ಲವೆಂಬುದು ಅಂದಿನ ತಿಳಿವಳಿಕೆ. ಒಮ್ಮೆ ಕಳೆದುಹೋದ ಅಂಗ ವಿಕಾಸದಲ್ಲಿ ಮತ್ತೆ ಮರಳುವುದಿಲ್ಲವೆಂಬ ನಿಯಮವನ್ನು ನಂಬಿದ್ದ ಹೈಲ್ಮನ್, ಥೆರೋಪಾಡ್‌ಗಳನ್ನು ಪಟ್ಟಿಯಿಂದ ತೆಗೆದುಹಾಕಿ, ಇನ್ನೂ ಹಿಂದಿನ ಯಾವುದೋ ಸರೀಸೃಪದಿಂದ ಹಕ್ಕಿಗಳು ಬಂದಿರಬೇಕೆಂದು ತೀರ್ಮಾನಿಸಿದರು. ನಾಲ್ಕು ದಶಕ ಈ ತೀರ್ಮಾನವೇ ನಿಂತಿತು. ವಾಸ್ತವದಲ್ಲಿ ಥೆರೋಪಾಡ್‌ಗಳಿಗೆ ಕೊರಳೆಲುಬು ಇತ್ತು. 1924ರಲ್ಲಿ ಹೆಸರು ಪಡೆದ ಓವಿರಾಪ್ಟರ್‌ನ ಪಳೆಯುಳಿಕೆಯಲ್ಲಿಯೇ ಆ ಕವಲೆಲುಬು ಇದ್ದರೂ ಅದನ್ನು ಬೇರೆ ಎಲುಬೆಂದು ಗುರುತಿಸಲಾಗಿತ್ತು. ಮುಂದೆ ವೆಲಾಸಿರಾಪ್ಟರ್‌ನಲ್ಲಿ, ಟಿರನೋಸಾರ್‌ಗಳಲ್ಲಿ, ಇನ್ನೂ ಅನೇಕ ಥೆರೋಪಾಡ್‌ಗಳಲ್ಲಿ ಅದು ಸಿಕ್ಕಿತು. ಸಿಗದೇ ಇರುವುದನ್ನು ಇಲ್ಲವೆಂದು ಭಾವಿಸಿದಾಗ ಎಚ್ಚರದ ವಿದ್ವಾಂಸನೂ ಎಲ್ಲಿಗೆ ಹೋಗಿ ಮುಟ್ಟಬಹುದೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಪ್ರಸಂಗ ನನಗೆ ಗೊತ್ತಿಲ್ಲ. ಇದನ್ನು ಮಕ್ಕಳಿಂದ ಏಕೆ ಮುಚ್ಚಿಡಬೇಕು?

ಹಕ್ಸ್‌ಲಿಯವರ ವಾದಕ್ಕೆ ಮರುಜೀವ ಕೊಟ್ಟವರು ಯೇಲ್ ವಿಶ್ವವಿದ್ಯಾಲಯದ ಜಾನ್ ಆಸ್ಟ್ರಮ್. 1964ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಅವರ ತಂಡಕ್ಕೆ ಒಂದು ಡೈನೋಸಾರ್‌ನ ಎಲುಬುಗಳು ದೊರೆತವು. ಮೂರು ಮೀಟರಿನಷ್ಟು ಉದ್ದ, ಹಗುರ ಮೈಕಟ್ಟು, ಹಿಂಗಾಲಿನಲ್ಲಿ ಕುಡುಗೋಲಿನಾಕಾರದ ಉಗುರು. 1969ರಲ್ಲಿ ಅದಕ್ಕೆ ಡೈನಾನಿಕಸ್ ಎಂದು ಹೆಸರಿಟ್ಟ ಆಸ್ಟ್ರಮ್ ಅವರ ಗಮನವನ್ನು ಮುಂದೆ ಹಿಡಿದಿಟ್ಟದ್ದು ಆ ಭಯಂಕರ ಉಗುರಿಗಿಂತ ಮಣಿಕಟ್ಟಿನ ಒಂದು ಚಿಕ್ಕ ಎಲುಬು. ಅರ್ಧಚಂದ್ರಾಕಾರದ ಆ ಎಲುಬಿನಿಂದಾಗಿ ಮುಂಗೈಯನ್ನು ಪಕ್ಕಕ್ಕೆ ತಿರುಗಿಸಿ ತೋಳಿಗೆ ಒತ್ತಿ ಮಡಚಲು ಸಾಧ್ಯವಾಗುತ್ತಿತ್ತು. ಹಕ್ಕಿ ಹಾರಾಟ ಮುಗಿಸಿ ರೆಕ್ಕೆ ಮಡಚುವಾಗ ನಡೆಯುವ ಚಲನೆಯೂ ಅದೇ. ಆರ್ಕಿಯೋಪ್ಟೆರಿಕ್ಸ್‌ನ ಮಣಿಕಟ್ಟಿನಲ್ಲಿಯೂ ಅದೇ ಎಲುಬಿದೆ. ಬೇಟೆಯನ್ನು ಹಿಡಿಯುತ್ತಿದ್ದ ಕೈಯಲ್ಲಿ, ಹಾರಾಟದ ಮಾತೇ ಇಲ್ಲದಿದ್ದ ಪ್ರಾಣಿಯಲ್ಲಿ, ರೆಕ್ಕೆಯ ಕೀಲು ಆಗಲೇ ಸಿದ್ಧವಾಗಿತ್ತು.

ಆಸ್ಟ್ರಮ್ ಅವರ ಇನ್ನೊಂದು ಅನುಭವವನ್ನು ಪಠ್ಯದಲ್ಲಿ ಒಂದು ಪುಟವಿಡೀ ಬರೆದರೂ ಹೆಚ್ಚಾಗದು. 1970ರಲ್ಲಿ ಅವರು ನೆದರ್‌ಲ್ಯಾಂಡ್ಸ್‌ನ ಹಾರ್ಲೆಮ್ ನಗರದ ಟೇಲರ್ಸ್ ಸಂಗ್ರಹಾಲಯಕ್ಕೆ ಹೋಗಿದ್ದು ಟೆರೋಸಾರ್‌ಗಳನ್ನು, ಅಂದರೆ ಡೈನೋಸಾರ್ ಕಾಲದ ಹಾರುವ ಸರೀಸೃಪಗಳನ್ನು ನೋಡಲೆಂದು. ಅಲ್ಲಿ ಬವೇರಿಯಾದಿಂದ ಬಂದ ಒಂದು ಕಲ್ಲುಹಲಗೆಯಿತ್ತು. 1857ರಲ್ಲಿ ಫಾನ್ ಮೇಯರ್ ಅವರೇ ಅದನ್ನು ಟೆರೋಸಾರ್ ಎಂದು ವಿವರಿಸಿದ್ದರು; ಅಂದಿನಿಂದ ಅದೇ ಚೀಟಿ ಅಂಟಿಕೊಂಡಿತ್ತು. ಆಸ್ಟ್ರಮ್ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಎಲುಬುಗಳ ಪಕ್ಕದಲ್ಲಿ ಗರಿಗಳ ಮಸುಕು ಅಚ್ಚು ಕಂಡಿತು. ಒಂದು ಶತಮಾನಕ್ಕೂ ಮೀರಿ ಅದು ಸಂಗ್ರಹಾಲಯದಲ್ಲಿಯೇ ಇತ್ತು. ಆರ್ಕಿಯೋಪ್ಟೆರಿಕ್ಸ್ ಎಂಬ ಹೆಸರು ಹುಟ್ಟುವುದಕ್ಕೂ ಮೊದಲೇ ಪತ್ತೆಯಾಗಿದ್ದ ಆರ್ಕಿಯೋಪ್ಟೆರಿಕ್ಸ್ ಎಂದು ಅವರು ಅದನ್ನು ಗುರುತಿಸಿದರು. ಕಥೆ ಅಲ್ಲಿಗೂ ನಿಲ್ಲಲಿಲ್ಲ. 2017ರಲ್ಲಿ ಕ್ರಿಶ್ಚಿಯನ್ ಫೋತ್ ಮತ್ತು ಆಲಿವರ್ ರೌಹುಟ್ ಅದೇ ಕಲ್ಲನ್ನು ಮತ್ತೆ ಪರೀಕ್ಷಿಸಿ, ಅದು ಆರ್ಕಿಯೋಪ್ಟೆರಿಕ್ಸ್ ಅಲ್ಲ, ಚೀನಾದ ಆಂಕಿಯಾರ್ನಿಸ್ ಎಂಬ ಗರಿಯುಳ್ಳ ಡೈನೋಸಾರ್‌ಗೆ ಹತ್ತಿರದ ಬೇರೊಂದು ಪ್ರಾಣಿ ಎಂದು ತೋರಿಸಿ, ಅದಕ್ಕೆ ಆಸ್ಟ್ರಮ್ ಅವರ ಹೆಸರಿನಲ್ಲಿಯೇ ಆಸ್ಟ್ರೋಮಿಯಾ ಎಂದು ನಾಮಕರಣ ಮಾಡಿದರು. ಒಂದೇ ಕಲ್ಲು, ನೂರ ಅರವತ್ತು ವರ್ಷಗಳಲ್ಲಿ ಮೂರು ಗುರುತು. ಇಂಥದೇ ಇನ್ನೊಂದು ಘಟನೆಯೂ ಇದೆ. 1951ರಲ್ಲಿ ಬವೇರಿಯಾದಲ್ಲಿ ಸಿಕ್ಕ, ಐಕ್‌ಸ್ಟೆಟ್ ಮಾದರಿ ಎಂದು ಕರೆಯಲಾಗುವ ಪಳೆಯುಳಿಕೆಯನ್ನು ಮೊದಲು ಕಾಂಪ್ಸೋಗ್ನಾಥಸ್ ಎಂದು ಬಗೆಯಲಾಗಿತ್ತು. ಗರಿಯ ಮಸುಕು ಗುರುತುಗಳು ಕಣ್ಣಿಗೆ ಬಿದ್ದ ಮೇಲೆಯೇ ಅದು ಆರ್ಕಿಯೋಪ್ಟೆರಿಕ್ಸ್ ಎಂದು ತಿಳಿದದ್ದು. ಗರಿಯ ಅಚ್ಚು ಕಾಣದಿದ್ದರೆ ಪರಿಣತರೇ ಹಕ್ಕಿಯನ್ನು ಡೈನೋಸಾರ್ ಎಂದು ಬರೆದಿಡುವಷ್ಟು ಇವುಗಳ ಎಲುಬುಗಳು ಒಂದನ್ನೊಂದು ಹೋಲುತ್ತವೆ ಎಂಬುದಕ್ಕೆ ಬೇರೆ ಪುರಾವೆ ಬೇಕೇ?

ಗರಿಯ ವಿಷಯಕ್ಕೆ ಬರೋಣ. 1996ರಲ್ಲಿ ಚೀನಾದ ಲಿಯಾವ್‌ನಿಂಗ್ ಪ್ರಾಂತ್ಯದಿಂದ ಸೈನೋಸಾರಾಪ್ಟೆರಿಕ್ಸ್ ಎಂಬ ಪುಟ್ಟ ಥೆರೋಪಾಡ್ ಬಂತು. ಸುಮಾರು 12.5 ಕೋಟಿ ವರ್ಷಗಳ ಹಿಂದೆ ಸರೋವರದ ತಳದ ನಯವಾದ ಕೆಸರಿನಲ್ಲಿ, ಜ್ವಾಲಾಮುಖಿಯ ಬೂದಿಯ ನಡುವೆ ಹೂತುಹೋದ ಆ ಪ್ರಾಣಿಯ ನೆತ್ತಿಯಿಂದ ಬಾಲದ ತುದಿಯವರೆಗೆ ಕೂದಲಿನಂಥ ಎಳೆಗಳ ಅಂಚು ಎದ್ದುಕಾಣುತ್ತಿತ್ತು. ಎರಡು ವರ್ಷಗಳಲ್ಲಿ ಕಾಡಿಪ್ಟೆರಿಕ್ಸ್ ಬಂತು: ಬಾಲದ ತುದಿಯಲ್ಲಿ ಬೀಸಣಿಗೆಯಂತೆ ಹರಡಿದ, ನಡುದಂಡವೂ ಎಳೆಗಳೂ ಇರುವ ನಿಜವಾದ ಗರಿಗಳು, ಆದರೆ ಹಾರಲು ಯಾವ ರೀತಿಯಲ್ಲೂ ಸಾಲದ ಗಿಡ್ಡ ತೋಳುಗಳು. 2003ರಲ್ಲಿ ಷು ಶಿಂಗ್ ಮತ್ತು ಸಂಗಡಿಗರು ತೋಳುಗಳಲ್ಲಿಯೂ ಕಾಲುಗಳಲ್ಲಿಯೂ ಉದ್ದ ಗರಿಗಳಿದ್ದ, ನಾಲ್ಕು ರೆಕ್ಕೆಯ ಮೈಕ್ರೋರಾಪ್ಟರ್ ಅನ್ನು ವಿವರಿಸಿದರು. 2012ರಲ್ಲಿ ಬಂದ ಯೂಟಿರನಸ್ ಟಿರನೋಸಾರ್‌ಗಳ ಬಳಗಕ್ಕೆ ಸೇರಿದ್ದು. ಒಂಬತ್ತು ಮೀಟರ್ ಉದ್ದ, ಒಂದು ಟನ್ನಿಗೂ ಮೀರಿದ ತೂಕ, ಮೈಮೇಲೆ ಎಳೆಗರಿಗಳ ಹೊದಿಕೆ. ಅಷ್ಟು ಭಾರದ ಪ್ರಾಣಿ ಹಾರಲೆಂದು ಗರಿ ಹೊತ್ತಿತ್ತೆಂದು ಯಾರೂ ಹೇಳಲಾರರು. ಗರಿ ಹಾರಾಟಕ್ಕಿಂತ ಹಳೆಯದು ಎಂಬ ಮಾತು ಇಲ್ಲಿಂದಲೇ ಹುಟ್ಟುತ್ತದೆ. ಮೈ ಬೆಚ್ಚಗಿಡಲು, ಜೊತೆಗಾರರ ಗಮನ ಸೆಳೆಯಲು, ಮೊಟ್ಟೆಗಳನ್ನು ಮುಚ್ಚಿಕೊಳ್ಳಲು ಮೊದಲು ಒದಗಿದ್ದ ಗರಿ ಆಮೇಲೆ ಗಾಳಿಯ ಕೆಲಸಕ್ಕೆ ಬಂತು.

ಗರಿ ಎಷ್ಟು ಸಂಕೀರ್ಣವಾದ ವಸ್ತುವೆಂಬುದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಯಾವುದಾದರೂ ಹಕ್ಕಿಯ ರೆಕ್ಕೆಯಿಂದ ಉದುರಿದ ಉದ್ದ ಗರಿಯೊಂದನ್ನು ಮಕ್ಕಳಿಗೆ ತೋರಿಸಿ, ಅದರ ನಡುದಂಡ ಎಲ್ಲಿದೆಯೆಂದು ಕೇಳಬೇಕು. ಸರಿಯಾಗಿ ನಡುವೆ ಇರುವುದಿಲ್ಲ. ಒಂದು ಬದಿ ಕಿರಿದು, ಇನ್ನೊಂದು ಬದಿ ಅಗಲ. ಹಾರುವಾಗ ಗಾಳಿಯನ್ನು ಸೀಳುವುದು ಆ ಕಿರಿದಾದ ಅಂಚು. ಅಂಚಿನ ಎಳೆಗಳನ್ನು ಬೆರಳಿನಿಂದ ಹಿಮ್ಮುಖವಾಗಿ ನೇವರಿಸಿದರೆ ಅವು ಬಿಟ್ಟುಕೊಂಡು ಚೆದರುತ್ತವೆ. ಬುಡದಿಂದ ತುದಿಯ ಕಡೆಗೆ ಮತ್ತೆ ನೇವರಿಸಿದರೆ ಜಿಪ್ ಎಳೆದಂತೆ ಕೂಡಿಕೊಂಡು ಪುನಃ ಒಂದೇ ಹಾಳೆಯಾಗುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಎಳೆಯ ಎರಡು ಬದಿಗೂ ಕಿರುಎಳೆಗಳು ಕಾಣುತ್ತವೆ; ಅವುಗಳಲ್ಲಿ ಒಂದು ಬದಿಯವು ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿಂದ ಪಕ್ಕದ ಎಳೆಯನ್ನು ಹಿಡಿದುಕೊಂಡಿರುತ್ತವೆ. ಇಷ್ಟು ಜಟಿಲವಾದದ್ದು ಒಮ್ಮೆಗೇ ಬಂದಿರಲಾರದು ಎಂದು ಮಕ್ಕಳಿಗೂ ಅನಿಸುತ್ತದೆ. ಆ ಅನಿಸಿಕೆ ಸರಿಯಾದದ್ದೇ. ರಿಚರ್ಡ್ ಪ್ರಮ್ ಅವರು 1999ರಲ್ಲಿ, ಚರ್ಮದಲ್ಲಿ ಗರಿ ಬೆಳೆಯುವ ಬಗೆಯನ್ನು ಆಧರಿಸಿ, ಮೊದಲು ಟೊಳ್ಳು ಎಳೆ, ಆಮೇಲೆ ಎಳೆಗಳ ಕುಚ್ಚು, ಬಳಿಕ ನಡುದಂಡ ಮತ್ತು ಕೊಕ್ಕೆಗಳು, ಎಲ್ಲಕ್ಕೂ ಕೊನೆಯಲ್ಲಿ ಈ ಓರೆಯ ಹಾಳೆ ಎಂಬ ಅನುಕ್ರಮವನ್ನು ಸೂಚಿಸಿದರು. ಟೊಳ್ಳು ಎಳೆಯಿಂದ ಓರೆ ಹಾಳೆಯವರೆಗಿನ ಹಲವು ಹಂತಗಳನ್ನು ಹೋಲುವ ಗರಿಗಳು ಡೈನೋಸಾರ್‌ಗಳ ಮೈಮೇಲೆಯೇ ಸಿಕ್ಕಿವೆ.

ಗರಿಯ ಅಚ್ಚು ಉಳಿಯದ ಕಡೆಯೂ ಎಲುಬು ಸಾಕ್ಷಿ ಹೇಳುತ್ತದೆ. ದೊಡ್ಡ ಗರಿಗಳು ಬೇರೂರುವ ಕಡೆ ಹಕ್ಕಿಗಳ ಮುಂದೋಳಿನ ಎಲುಬಿನಲ್ಲಿ ಸಾಲಾಗಿ ಸಣ್ಣ ಗುಬುಟುಗಳಿರುತ್ತವೆ. 2007ರಲ್ಲಿ ಮಂಗೋಲಿಯಾದ ಒಂದು ವೆಲಾಸಿರಾಪ್ಟರ್‌ನ ಎಲುಬಿನಲ್ಲಿ ಅಂಥವೇ ಗುಬುಟುಗಳನ್ನು ಗುರುತಿಸಲಾಯಿತು. ಹೀಗಿದ್ದರೂ ಪುಸ್ತಕದ ಮುಖಪುಟಗಳಲ್ಲಿ ಆ ಪ್ರಾಣಿ ಇಂದಿಗೂ ಹಲ್ಲಿಯ ಚರ್ಮ ಹೊದ್ದುಕೊಂಡೇ ಕಾಣಿಸಿಕೊಳ್ಳುತ್ತಿದೆ. 2010ರಲ್ಲಿ, ಗರಿಗಳೊಳಗೆ ಉಳಿದಿದ್ದ ವರ್ಣಕಣಗಳ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಸೈನೋಸಾರಾಪ್ಟೆರಿಕ್ಸ್‌ನ ಬಾಲದಲ್ಲಿ ಕೆಂಗಂದು ಪಟ್ಟೆಗಳಿದ್ದವೆಂದೂ ಆಂಕಿಯಾರ್ನಿಸ್‌ನ ತಲೆಯ ಮೇಲೆ ಕೆಂಪು ಛಾಯೆಯ ಜುಟ್ಟಿತ್ತೆಂದೂ ವಿಜ್ಞಾನಿಗಳು ಕಂಡುಕೊಂಡರು. 2016ರಲ್ಲಿ ಮ್ಯಾನ್ಮಾರಿನ ಅಂಬರಿನೊಳಗೆ, ಅಂದರೆ ಮರದ ಅಂಟು ಗಟ್ಟಿಯಾಗಿ ಕಲ್ಲಾದದ್ದರೊಳಗೆ, ಸುಮಾರು 9.9 ಕೋಟಿ ವರ್ಷ ಹಳೆಯ, ಗರಿ ಸಹಿತವಾದ ಡೈನೋಸಾರ್ ಬಾಲದ ತುಂಡೊಂದು ಹಾಗೆಹಾಗೆಯೇ ಸಿಕ್ಕಿತು. ಚಿತ್ರಕಾರರಿಗೆ ಇದಕ್ಕಿಂತ ಹೆಚ್ಚಿನ ಆಧಾರ ಬೇಕಿಲ್ಲ.

ನಡವಳಿಕೆಯ ಪುರಾವೆಗಳು ಇನ್ನೂ ಮನಮುಟ್ಟುತ್ತವೆ. 1923ರಲ್ಲಿ ಗೋಬಿ ಮರುಭೂಮಿಯಲ್ಲಿ ಮೊಟ್ಟೆಗಳ ಗುಂಪಿನ ಜೊತೆ ಓವಿರಾಪ್ಟರ್ ಸಿಕ್ಕಾಗ, ಅದು ಬೇರೆ ಡೈನೋಸಾರ್‌ನ ಮೊಟ್ಟೆ ಕದಿಯಲು ಬಂದು ಸತ್ತಿತೆಂದು ಊಹಿಸಲಾಯಿತು. ಎಪ್ಪತ್ತು ವರ್ಷಗಳ ಬಳಿಕ ಅದೇ ಬಗೆಯ ಮೊಟ್ಟೆಯೊಳಗಿನ ಭ್ರೂಣ ಸಿಕ್ಕಿತು. ಅದು ಓವಿರಾಪ್ಟರ್ ಬಳಗದ್ದೇ ಆಗಿತ್ತು. ಆ ಬಳಿಕ ಅದೇ ಗೋಬಿಯಿಂದ, ತನ್ನ ಮೊಟ್ಟೆಗಳ ವೃತ್ತದ ನಡುವೆ ಕುಳಿತು, ಎರಡೂ ತೋಳುಗಳನ್ನು ಅವುಗಳ ಮೇಲೆ ಚಾಚಿದ ಭಂಗಿಯಲ್ಲಿಯೇ ಮರಳಿನಡಿ ಹೂತುಹೋದ ಸಿಟಿಪಾಟಿ ಎಂಬ ಹತ್ತಿರದ ಸಂಬಂಧಿಯ ಅಸ್ಥಿಪಂಜರ ವರದಿಯಾಯಿತು. ಕಾವು ಕೂರುವುದು ಹಕ್ಕಿಗಳಿಗಿಂತ ಹಿಂದಿನಿಂದ ಬಂದದ್ದು. 2004ರಲ್ಲಿ ವಿವರಿಸಲಾದ ಮೇ ಲಾಂಗ್ ಎಂಬ ಬಾತಿನ ಗಾತ್ರದ ಡೈನೋಸಾರ್ ಕಾಲುಗಳನ್ನು ಮೈಯಡಿ ಮಡಚಿಕೊಂಡು, ತಲೆಯನ್ನು ತೋಳಿನಡಿ ಹುದುಗಿಸಿಕೊಂಡಿತ್ತು. ನಿದ್ರಿಸುವ ಹಕ್ಕಿಯ ಭಂಗಿ ಅದು. ಉಸಿರಾಟದ ವಿಷಯದಲ್ಲಿಯೂ ಹೀಗೆಯೇ. ಹಕ್ಕಿಗಳ ಪುಪ್ಪುಸಕ್ಕೆ ಜೋಡಿಕೊಂಡ ಗಾಳಿಚೀಲಗಳು ಎಲುಬುಗಳೊಳಗೂ ಚಾಚಿಕೊಳ್ಳುತ್ತವೆ. ಅಂಥ ಚೀಲಗಳು ಕೊರೆದ ಕುಳಿಗಳೂ ರಂಧ್ರಗಳೂ ಹಾರಾಟವನ್ನೇ ಅರಿಯದ ದೊಡ್ಡ ಥೆರೋಪಾಡ್‌ಗಳ ಬೆನ್ನುಮೂಳೆಗಳಲ್ಲಿವೆ.

ಇನ್ನು ಹಾರಾಟ. ಪಠ್ಯಗಳು ಇಲ್ಲಿ ಮಾಡುವ ತಪ್ಪು ಬೇರೆ ಬಗೆಯದು: ಅವು ವಿಷಯವನ್ನು ಅತಿಯಾಗಿ ಸುಲಭಗೊಳಿಸುತ್ತವೆ. ಮರವೇರಿದ ಪ್ರಾಣಿ ಕೊಂಬೆಯಿಂದ ಜಿಗಿದು, ತೇಲಿ, ಕೊನೆಗೆ ರೆಕ್ಕೆ ಬಡಿಯಲು ಕಲಿತಿತೆಂದು ಒಂದು ಪುಸ್ತಕ ಹೇಳಿದರೆ, ನೆಲದ ಮೇಲೆ ಓಡುತ್ತಿದ್ದ ಪ್ರಾಣಿ ತೋಳು ಬೀಸುತ್ತಾ ಮೇಲೆದ್ದಿತೆಂದು ಇನ್ನೊಂದು ಪುಸ್ತಕ ಅಷ್ಟೇ ಖಚಿತವಾಗಿ ಹೇಳುತ್ತದೆ. ಎರಡೂ ಗಂಭೀರವಾದ ವಾದಗಳೇ. ಎರಡಕ್ಕೂ ಬೆಂಬಲವಿದೆ, ಎರಡಕ್ಕೂ ಆಕ್ಷೇಪವಿದೆ. 2003ರಲ್ಲಿ ಕೆನೆತ್ ಡಯಲ್ ಮೂರನೆಯ ದಾರಿಯೊಂದನ್ನು ತೋರಿಸಿದರು. ಚುಕಾರ್ ಎಂಬ ಗೌಜಲಹಕ್ಕಿಯ ಮರಿಗಳು, ಇನ್ನೂ ಹಾರಲಾರದ ವಯಸ್ಸಿನಲ್ಲಿಯೇ, ಅರೆಬೆಳೆದ ರೆಕ್ಕೆಗಳನ್ನು ಬಡಿಯುತ್ತಾ ಕಡಿದಾದ ಇಳಿಜಾರನ್ನು ಓಡಿ ಏರುತ್ತವೆ. ರೆಕ್ಕೆಯ ಬಡಿತವು ಪಾದಗಳನ್ನು ಇಳಿಜಾರಿಗೆ ಒತ್ತಿ ಹಿಡಿದು ಜಾರದಂತೆ ನೋಡಿಕೊಳ್ಳುತ್ತದೆ. ಅರ್ಧ ರೆಕ್ಕೆಯಿಂದ ಏನು ಪ್ರಯೋಜನವೆಂಬ ಹಳೆಯ ಪ್ರಶ್ನೆಗೆ ಕಣ್ಣೆದುರೇ ಓಡುವ ಉತ್ತರ ಇದು. ಡೈನೋಸಾರ್‌ಗಳೂ ಹೀಗೆಯೇ ಮಾಡಿದವೆಂದು ಇದರಿಂದ ಸಿದ್ಧವಾಗುವುದಿಲ್ಲ. ಹೀಗೂ ಸಾಧ್ಯವಿತ್ತು ಎಂದಷ್ಟೇ ತಿಳಿಯುತ್ತದೆ. ಈ ವ್ಯತ್ಯಾಸವನ್ನು ಮಕ್ಕಳು ಗ್ರಹಿಸಬಲ್ಲರು.

ಹಾರಾಟದ ಕಡೆಗೆ ಹೋದ ದಾರಿ ಒಂದೇ ಆಗಿರಲಿಲ್ಲ ಎಂಬುದೂ ಈಗ ಸ್ಪಷ್ಟ. 2015ರಲ್ಲಿ ಪ್ರಕಟವಾದ ಯೀ ಚಿ ಎಂಬ ಸಣ್ಣ ಡೈನೋಸಾರ್‌ನ ಮಣಿಕಟ್ಟಿನಿಂದ ಉದ್ದನೆಯ ಕಡ್ಡಿಯಂಥ ಎಲುಬೊಂದು ಹೊರಟಿತ್ತು. ಅದಕ್ಕೂ ಬೆರಳುಗಳಿಗೂ ನಡುವೆ ಬಾವಲಿಯದರಂಥ ಚರ್ಮದ ಪೊರೆ ಚಾಚಿಕೊಂಡಿತ್ತು. ಹಕ್ಕಿಗಳ ಹತ್ತಿರದ ಬಳಗದಲ್ಲಿಯೇ ಹೀಗೊಂದು ರಚನೆ ಹುಟ್ಟಿ, ಮುಂದುವರಿಯದೆ ನಿಂತುಹೋಯಿತು. ಮೈಕ್ರೋರಾಪ್ಟರ್‌ನ ನಾಲ್ಕು ರೆಕ್ಕೆಗಳದ್ದೂ ಅಂಥದೇ ಇನ್ನೊಂದು ದಾರಿ. ಆರ್ಕಿಯೋಪ್ಟೆರಿಕ್ಸ್‌ಗಾದರೋ ಹಾರಾಟದ ಬಲವಾದ ಸ್ನಾಯುಗಳು ಅಂಟಿಕೊಳ್ಳಲು ಬೇಕಾದ ಎದೆಗೂಡಿನ ಏಣು ಇರಲಿಲ್ಲ. ಆದರೂ 2018ರಲ್ಲಿ ಅದರ ತೋಳಿನ ಎಲುಬುಗಳ ಒಳರಚನೆಯನ್ನು ಎಕ್ಸ್‌ರೇ ಕಿರಣಗಳಿಂದ ಪರೀಕ್ಷಿಸಿದವರು, ಅದು ಅಪಾಯ ಬಂದಾಗ ರೆಕ್ಕೆ ಬಡಿದು ಚಿಕ್ಕ ದೂರ ಹಾರಬಲ್ಲ ಪ್ರಾಣಿಯಾಗಿದ್ದಿರಬೇಕೆಂದು ತೀರ್ಮಾನಿಸಿದರು. ಎದೆಯ ಏಣು, ಬಾಲದ ಎಲುಬುಗಳು ಕೂಡಿ ಗಿಡ್ಡವಾಗುವುದು, ನಿಧಾನವಾಗಿ ಹಾರುವಾಗ ಆಯ ತಪ್ಪದಂತೆ ಕಾಯುವ ಹೆಬ್ಬೆರಳಿನ ಗರಿಗುಚ್ಛ, ಇವೆಲ್ಲ ಬೇರೆಬೇರೆ ಕಾಲದಲ್ಲಿ ಸೇರಿಕೊಂಡವು. ಇವೆಲ್ಲಕ್ಕೂ ಹಿಂದೆ ಇನ್ನೊಂದು ಬದಲಾವಣೆ ನಡೆದಿತ್ತು. 2014ರಲ್ಲಿ ಮೈಕಲ್ ಲೀ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಕ್ಕಿಗಳ ಕಡೆಗೆ ಸಾಗಿದ ಥೆರೋಪಾಡ್ ವಂಶದ ಗಾತ್ರವು ಸುಮಾರು 5 ಕೋಟಿ ವರ್ಷಗಳ ಕಾಲ ಎಡೆಬಿಡದೆ ಕುಗ್ಗುತ್ತಾ ಬಂದಿತ್ತು. ಹಾರುವ ಮೊದಲು ಅವು ಚಿಕ್ಕವಾದವು.

ಆಕ್ಷೇಪಗಳನ್ನೂ ಹೇಳಬೇಕು. ಅವುಗಳಲ್ಲಿ ಹೆಚ್ಚು ತೂಕದ್ದು ಬೆರಳುಗಳ ವಿಷಯ. ಥೆರೋಪಾಡ್‌ಗಳಲ್ಲಿ ಉಳಿದ ಮೂರು ಬೆರಳುಗಳು ಹೆಬ್ಬೆರಳು ಮೊದಲ್ಗೊಂಡು ಮೊದಲ ಮೂರು. ಹಕ್ಕಿಯ ಭ್ರೂಣದಲ್ಲಿ ಬೆರಳುಗಳು ಮೂಡುವ ಜಾಗ ನೋಡಿದರೆ ಅವು ಎರಡು, ಮೂರು, ನಾಲ್ಕನೆಯವೆಂದು ಕಾಣುತ್ತವೆ. ಇಬ್ಬರೂ ಒಂದೇ ವಂಶವಾದರೆ ಇದು ಹೇಗೆ? 2011ರಲ್ಲಿ ಜಪಾನಿನ ತಂಡವೊಂದು ಕೋಳಿಯ ಭ್ರೂಣದಲ್ಲಿ ಜೀವಕೋಶಗಳ ಜಾಡು ಹಿಡಿದು, ಬೆಳವಣಿಗೆಯ ನಡುವೆ ಅವುಗಳ ಸ್ಥಾನ ಪಲ್ಲಟವಾಗುವುದರಿಂದ ಹಕ್ಕಿಯ ಬೆರಳುಗಳೂ ಮೊದಲ ಮೂರೇ ಎಂದು ತೋರಿಸಿತು. ಇದರ ಬಗೆಗಿನ ಚರ್ಚೆ ಮುಂದುವರಿದಿದೆ. ಆದರೆ ಒಂದು ವಿವರದ ಚರ್ಚೆಯಿಂದ ಮಣಿಕಟ್ಟು, ಕವಲೆಲುಬು, ಗರಿ, ಗಾಳಿಚೀಲ, ಕಾವು ಎಲ್ಲವೂ ಒಂದೇ ಕಡೆ ಬೆರಳು ತೋರುತ್ತಿರುವ ಸಾಕ್ಷ್ಯ ಕುಸಿಯುವುದಿಲ್ಲ.

ಅಳಿವಿನ ಪಾಠವನ್ನು ಕೈಬಿಡಿ ಎಂದು ನಾನು ಕೇಳುತ್ತಿಲ್ಲ. ಪೂರ್ತಿ ಹೇಳಿ ಎನ್ನುತ್ತಿದ್ದೇನೆ. 6.6 ಕೋಟಿ ವರ್ಷಗಳ ಹಿಂದೆ ಇಂದಿನ ಮೆಕ್ಸಿಕೋದ ಯುಕಟಾನ್‌ನಲ್ಲಿ ಕ್ಷುದ್ರಗ್ರಹ ಬಡಿದು, ಸುಮಾರು 180 ಕಿಲೋಮೀಟರ್ ಅಗಲದ ಕುಳಿ ಉಂಟಾಯಿತು. ಆಗ ಹಕ್ಕಿಗಳಲ್ಲಿಯೂ ಬಹುಪಾಲು ಸತ್ತವು. ಆ ಬಡಿತದೊಂದಿಗೆ ಕೊನೆಗೊಂಡ ಕ್ರಿಟೇಷಿಯಸ್ ಯುಗದಲ್ಲಿ ಎಲ್ಲೆಡೆ ಹರಡಿದ್ದ, ಹೆಚ್ಚಿನವಕ್ಕೆ ಹಲ್ಲಿದ್ದ ಎನಾಂಟಿಯಾರ್ನಿಥೀನ್ ಎಂಬ ಇಡೀ ಗುಂಪು ಇಲ್ಲವಾಯಿತು. ಕಾಡುಗಳು ನಾಶವಾದದ್ದರಿಂದ ಮರಗಳನ್ನೇ ನಂಬಿದ ಹಕ್ಕಿಗಳು ಅಳಿದು, ನೆಲವಾಸಿಗಳು ಉಳಿದಿರಬೇಕೆಂದು 2018ರ ಅಧ್ಯಯನವೊಂದು ವಾದಿಸಿದೆ. ಆ ಬಡಿತಕ್ಕೆ ತುಸು ಮುನ್ನ, ಸುಮಾರು 6.67 ಕೋಟಿ ವರ್ಷಗಳ ಹಿಂದೆ ಬದುಕಿದ್ದ ಆಸ್ಟೀರಿಯಾರ್ನಿಸ್ ಎಂಬ ಹಕ್ಕಿಯ ತಲೆಬುರುಡೆ ಬೆಲ್ಜಿಯಂನ ಕಲ್ಲಿನೊಳಗಿತ್ತು. ಕಲ್ಲನ್ನು ಒಡೆಯದೆ ಸ್ಕ್ಯಾನ್ ಮಾಡಿ ನೋಡಿ 2020ರಲ್ಲಿ ಅದನ್ನು ವಿವರಿಸಲಾಯಿತು. ಕೋಳಿಗಳ ಮತ್ತು ಬಾತುಗಳ ಲಕ್ಷಣಗಳೆರಡೂ ಅದರಲ್ಲಿವೆ. ಉಳಿದು ಬಂದ ಕವಲು ಯಾವ ಬಗೆಯದೆಂಬುದಕ್ಕೆ ಅದು ನೇರ ಸಾಕ್ಷಿ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳಿವು. ಮುಂದಿನ ಮುದ್ರಣದಲ್ಲಿ ಆ ವಾಕ್ಯವನ್ನು "ಹಕ್ಕಿಗಳ ಹೊರತು ಉಳಿದ ಡೈನೋಸಾರ್‌ಗಳು ಅಳಿದುಹೋದವು" ಎಂದು ತಿದ್ದಿಸಿ. ಅದಕ್ಕೆ ಹೆಚ್ಚುವರಿ ಪುಟವೂ ಬೇಡ, ಹೆಚ್ಚುವರಿ ವೆಚ್ಚವೂ ಬೇಡ. ಆರ್ಕಿಯೋಪ್ಟೆರಿಕ್ಸ್‌ನ ಒಂದೇ ಚಿತ್ರ ಹಾಕಿ, ಅದನ್ನು ಅರ್ಧ ಸರೀಸೃಪ ಅರ್ಧ ಹಕ್ಕಿಯಾದ ಏಕೈಕ ಕೊಂಡಿಯೆಂದು ಹೇಳುವುದನ್ನು ನಿಲ್ಲಿಸಿ. ಅದು ಇಂದಿನ ಹಕ್ಕಿಗಳ ನೇರ ಪೂರ್ವಜವೆಂದು ಯಾರೂ ಸಾಧಿಸಿಲ್ಲ. ಅದರ ಸುತ್ತ ಈಗ ಹತ್ತಾರು ಗರಿಯುಳ್ಳ ಪ್ರಾಣಿಗಳಿವೆ, ಅಷ್ಟೇ ಹಳೆಯದಾದರೂ ಬಾಲ ಗಿಡ್ಡವಾಗಿದ್ದ ಬಾಮಿನಾರ್ನಿಸ್ ಎಂಬ ಹಕ್ಕಿಯೂ 2025ರಲ್ಲಿ ಚೀನಾದಿಂದ ವರದಿಯಾಗಿದೆ. ಟೆರೋಸಾರ್‌ಗಳನ್ನು ಹಕ್ಕಿಗಳ ಪೂರ್ವಜರ ಸಾಲಿನಲ್ಲಿ ನಿಲ್ಲಿಸಬೇಡಿ. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಟೆರೋಸಾರ್‌ಗಳು, ಹಕ್ಕಿಗಳು, ಬಾವಲಿಗಳು ಪ್ರತ್ಯೇಕವಾಗಿ, ಬೇರೆಬೇರೆ ಬಗೆಯ ರೆಕ್ಕೆಗಳಿಂದ ಹಾರಾಟವನ್ನು ಗಳಿಸಿದವು.

1999ರ ವಂಚನೆಯನ್ನೂ ಪಾಠದಲ್ಲಿ ಸೇರಿಸಿ ಎಂದು ವಿನಂತಿಸುತ್ತೇನೆ. ಅಂದು ಆರ್ಕಿಯೋರಾಪ್ಟರ್ ಎಂಬ ಹೆಸರಿನಲ್ಲಿ ಭಾರಿ ಪ್ರಚಾರ ಪಡೆದ ಪಳೆಯುಳಿಕೆಯು ಬೇರೆಬೇರೆ ಪ್ರಾಣಿಗಳ ತುಂಡುಗಳನ್ನು ಅಂಟಿಸಿ ಮಾಡಿದ್ದಾಗಿತ್ತು. ಅದನ್ನು ಬಯಲಿಗೆಳೆದವರಲ್ಲಿ ಮುಖ್ಯರಾದವರು ಷು ಶಿಂಗ್. ಹಾರುವ ಡೈನೋಸಾರ್‌ಗಳ ಪರವಾಗಿ ಎಲ್ಲರಿಗಿಂತ ಹೆಚ್ಚು ಸಾಕ್ಷ್ಯ ಒದಗಿಸಿದವರಲ್ಲಿ ಒಬ್ಬರಾದ ಅವರೇ, ಆ ಬಾಲದ ಜೋಡಿ ಕಲ್ಲನ್ನು, ಅಂದರೆ ಪಳೆಯುಳಿಕೆಯ ಕಲ್ಲು ಸೀಳಿದಾಗ ಬೇರೆಯಾದ ಇನ್ನೊಂದು ಅರ್ಧವನ್ನು, ಚೀನಾದಲ್ಲಿ ಪತ್ತೆಹಚ್ಚಿ, ಬಾಲ ಬೇರೊಂದು ಡೈನೋಸಾರ್‌ನದೆಂದು ತೋರಿಸಿದರು. ಆ ಬಾಲದ ಒಡೆಯ ಮೈಕ್ರೋರಾಪ್ಟರ್. ಸುಳ್ಳಿನ ತುಂಡಾಗಿ ಬಂದ ಅದು ಸ್ವತಂತ್ರವಾಗಿ ಮಹತ್ವದ ಪ್ರಾಣಿಯಾಯಿತು. ವಿಕಾಸವನ್ನು ಅಲ್ಲಗಳೆಯುವವರು ಈ ವಂಚನೆಯನ್ನು ಆಗಾಗ ಎತ್ತಿ ತೋರಿಸುತ್ತಾರೆ. ಅದನ್ನು ಯಾರು, ಹೇಗೆ ಕಂಡುಹಿಡಿದರೆಂಬುದನ್ನು ಮಕ್ಕಳು ಮೊದಲು ನಮ್ಮಿಂದಲೇ ಕೇಳಲಿ.

ವಸ್ತುಸಂಗ್ರಹಾಲಯಗಳ ಮುಖ್ಯಸ್ಥರಲ್ಲಿ ಪ್ರತ್ಯೇಕವಾದ ಒಂದು ಕೋರಿಕೆಯಿದೆ. ಹಕ್ಕಿಗಳ ವಿಭಾಗವೂ ಡೈನೋಸಾರ್‌ಗಳ ವಿಭಾಗವೂ ಈಗ ಬೇರೆಬೇರೆ ಮಹಡಿಗಳಲ್ಲಿದ್ದರೆ ಅವನ್ನು ಕೂಡಿಸುವುದು ದುಬಾರಿ ಕೆಲಸವೆಂದು ನಾನು ಬಲ್ಲೆ. ಆದರೆ ಥೆರೋಪಾಡ್ ಅಸ್ಥಿಪಂಜರದ ಪಕ್ಕದಲ್ಲಿ ಕೋಳಿಯದೋ ಪಾರಿವಾಳದ್ದೋ ಅಸ್ಥಿಪಂಜರವೊಂದನ್ನು ನಿಲ್ಲಿಸಲು ದೊಡ್ಡ ಖರ್ಚಿಲ್ಲ. ಎರಡರಲ್ಲಿಯೂ ಕವಲೆಲುಬಿಗೆ, ಮಣಿಕಟ್ಟಿನ ಅರ್ಧಚಂದ್ರಕ್ಕೆ ಮತ್ತು ಪಾದದ ಮುಂದಿನ ಮೂರು ಬೆರಳುಗಳಿಗೆ ಒಂದೇ ಬಣ್ಣದ ಗುರುತು ಹಾಕಿಸಿ. ಪಾರಿವಾಳದಲ್ಲಿ ಆ ಅರ್ಧಚಂದ್ರ ಅಂಗೈಯ ಎಲುಬಿಗೆ ಬೆಸೆದುಕೊಂಡಿರುವುದರಿಂದ, ಅದು ಎಲ್ಲಿದೆಯೆಂದು ತೋರಿಸುವ ಸಣ್ಣ ಚಿತ್ರವೊಂದು ಜೊತೆಗಿರಲಿ. ಗರಿಯಿಲ್ಲದ ಹಳೆಯ ಪ್ರತಿಮೆಗಳನ್ನು ಬದಲಿಸಲು ಈಗಲೇ ಹಣವಿಲ್ಲವಾದರೆ, ಆ ಪ್ರತಿಮೆ ಮಾಡಿದ ವರ್ಷವನ್ನೂ ಅನಂತರ ತಿಳಿದುಬಂದದ್ದನ್ನೂ ಅದರ ಕೆಳಗೆ ನಾಲ್ಕು ಸಾಲಿನಲ್ಲಿ ಬರೆಸಿ. ಅಂಥ ಫಲಕಗಳಿಗೆ ಪಠ್ಯ ಸಿದ್ಧಪಡಿಸಲು ನೆರವು ಬೇಕಾದರೆ ನಾನೂ ನನ್ನಂಥ ಇತರ ಶಿಕ್ಷಕರೂ ಸಂತೋಷದಿಂದ ಕೈಜೋಡಿಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಜೀವವಿಜ್ಞಾನ ಶಿಕ್ಷಕಿ